ಮುಖಪುಟದ ನಾಯಿ

ಇಸ್ತ್ರಿ ಅಂಗಡಿಯ ಮೇಲಿನ ಕೋಣೆ
ಭಾನುವಾರ, ಮಧ್ಯಾಹ್ನ

ಅಮ್ಮಾ,

ನಿನ್ನ ಪತ್ರ ಬಂತು. ನಾನು ಹೇಗಿದ್ದೇನೆ ಎಂದು ಮೊದಲ ಸಾಲಿನಲ್ಲೇ ಕೇಳಿದ್ದೀಯ, ಸಂತೋಷ. ಆಮೇಲಿನ ಒಂದೂವರೆ ಪುಟ ಪೂರಾ ನಾಯಿಯ ಸಮಾಚಾರ. ಕೊನೆಯ ದಿನಗಳಲ್ಲಿ ಅದು ಬಾಗಿಲ ಕಡೆ ನೋಡುತ್ತಿತ್ತೆ, ಯಜಮಾನನ ಹಳೆಯ ಅಂಗಿಯ ಮೇಲೆ ಮಲಗುತ್ತಿತ್ತೆ, ಊಟ ಬಿಟ್ಟಿತ್ತೆ, ಪ್ರಾಣ ಹೋಗುವಾಗ ಕಣ್ಣು ತೆರೆದಿತ್ತೋ ಮುಚ್ಚಿತ್ತೋ. ಧಾರಾವಾಹಿಯ ಎರಡನೆಯ ಭಾಗದ ಕೊನೆಯ ಕಂತು ಅಲ್ಲೇ ಸಿಕ್ಕಿಕೊಂಡಿದೆ, ವಾರಪತ್ರಿಕೆಯ ಸಂಪಾದಕರು ಜೀವ ತಿನ್ನುತ್ತಿದ್ದಾರೆ, ಬೇಗ ಬರೆ ಎಂದಿದ್ದೀಯ. ಕೊನೆಯಲ್ಲಿ, ಮರೆತಿದ್ದು ನೆನಪಾದಂತೆ, ಶನಿವಾರದ ವಿಷಯ. ಮೊದಲ ಭಾಗದ ಹೊಸ ಮುದ್ರಣದ ಸಮಾರಂಭಕ್ಕೆ ನಾನು ಬರಬೇಕು, ವೇದಿಕೆಯ ಮೇಲೆ ಸುಮ್ಮನೆ ಕೂರಬೇಕು, ನನ್ನ ಕೈಯಿಂದ ನಾಯಿಮರಿಯನ್ನು ಆ ಹುಡುಗಿಯ ಕೈಗೆ ಕೊಡಬೇಕು. ಅವಳು ನನ್ನ ಹಳೆಯ ಗಂಡನನ್ನು ಮದುವೆಯಾಗುವವಳು. "ಓದುಗರಿಗೆ ಕ್ಷಮೆ ಅಂದರೆ ಬಹಳ ಇಷ್ಟ" ಎಂದು ಅಡಿಗೆರೆ ಎಳೆದು ಬರೆದಿದ್ದೀಯ.

ಎಲ್ಲದಕ್ಕೂ ಉತ್ತರ ಬರೆಯುತ್ತೇನೆ. ನಾಯಿಯ ಸಾವನ್ನೂ ಬರೆಯುತ್ತೇನೆ. ಆದರೆ ನೀನು ಕೇಳಿದ ಕ್ರಮದಲ್ಲಿ ಅಲ್ಲ.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನೀನು ಬರೀ ಪ್ರೇಮಕಥೆ ಬರೆಯುತ್ತಿದ್ದೆ. ಒಂದು ದಿನ ಸಂಪಾದಕರು ಮನೆಗೆ ಬಂದು, ಚಹಾದ ಲೋಟವನ್ನು ಕೈಯಲ್ಲೇ ತಿರುಗಿಸುತ್ತಾ ಕೂತು, ಕೊನೆಗೆ ಬಾಯಿ ಬಿಟ್ಟಿದ್ದರು: "ಪ್ರೇಮ ಸಾಕಾಗಿದೆ ಜನಕ್ಕೆ. ಎಲ್ಲರೂ ಅದನ್ನೇ ಬರೀತಾರೆ. ಬೇರೆ ಏನಾದ್ರೂ ಸೇರಿಸಿ, ಇಲ್ಲಾಂದ್ರೆ ನಿಲ್ಸಿಬಿಡೋಣ." ಮುಂದಿನ ವಾರ ನೀನು ನಾಯಕನ ದಾರಿಗೆ ಒಂದು ಕುಂಟು ನಾಯಿಯನ್ನು ತಂದು ಮಲಗಿಸಿದೆ. ಅವನು ಕೋಟು ಬಿಚ್ಚಿ ಅದನ್ನು ಸುತ್ತಿ ಎತ್ತಿಕೊಂಡ. ಅವನ ಮುಖಕ್ಕೇ ಬಾಗಿಲು ಹಾಕಿದ್ದ ನಾಯಕಿ ಅದನ್ನು ಕಿಟಕಿಯಿಂದ ನೋಡಿಬಿಟ್ಟಳು. ಅಷ್ಟೇ. ಪತ್ರಗಳು ಚೀಲದಲ್ಲಿ ಬಂದವು. ಅವರಿಬ್ಬರಿಗೂ ಮದುವೆಯಾಯಿತೇ ಎಂದು ಒಬ್ಬರೂ ಕೇಳಿರಲಿಲ್ಲ. ನಾಯಿಯ ಕಾಲು ಸರಿಹೋಯಿತೇ ಎಂದು ಕೇಳಿದ್ದರು. ನೀನು ಓದಿ ಓದಿ ಬಿದ್ದು ಬಿದ್ದು ನಕ್ಕೆ. ಆಮೇಲೆ ನಗು ನಿಲ್ಲಿಸಿ ಯೋಚನೆ ಮಾಡುತ್ತಾ ಕೂತೆ. ಅಂದಿನಿಂದ ನಿನ್ನ ಯಾವ ಪ್ರೇಮಿಗಳೂ ಪ್ರಾಣಿ ಇಲ್ಲದೆ ಕೂಡಲಿಲ್ಲ. ಬೆಕ್ಕು, ಕುದುರೆ, ಗಿಳಿ ಎಲ್ಲ ಬಂದು ಹೋದವು. ಒಮ್ಮೆ ಕತ್ತೆಯನ್ನೂ ಹಾಕಿ ನೋಡಿದೆ, ಅದು ಓಡಲಿಲ್ಲ. ಕೊನೆಗೆ ನಾಯಿಯೇ ಗಟ್ಟಿ ಎಂದು ತೀರ್ಮಾನಿಸಿದೆ.

ಯಾಕೆ ಜನಕ್ಕೆ ಇದು ಇಷ್ಟ ಎಂದು ಊಟದ ಮೇಜಿನಲ್ಲಿ ನಾನು ಕೇಳಿದ್ದೆ. ನೀನು ಚಮಚ ಕೆಳಗಿಟ್ಟು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ. "ಗಂಡಸು ಪುಟಗಟ್ಟಲೆ ಪ್ರೀತಿ ಮಾತಾಡಿದ್ರೂ ಓದೋಳಿಗೆ ಒಳಗೊಳಗೇ ಅನುಮಾನ ಕಣೇ. ಇವನು ನಿಜವಾಗ್ಲೂ ಒಳ್ಳೆಯವನಾ, ನಾಟಕಾನಾ ಅಂತ. ನಾಯಿ ಬಂದು ಅವನ ಕಾಲ ಹತ್ರ ಮಲಗಲಿ, ಮುಗೀತು. ನಾಯಿ ಸುಳ್ಳು ಹೇಳಲ್ಲ ಅಂತ ಎಲ್ಲರೂ ನಂಬಿದಾರೆ. ಅದರ ಸಹಿ ಬಿದ್ರೆ ಸಾಕು."

ನಮ್ಮ ಮನೆಯೊಳಗೆ ಮಾತ್ರ ಒಂದು ಇಲಿಗೂ ಪ್ರವೇಶವಿರಲಿಲ್ಲ. ಪಕ್ಕದ ಮನೆಯ ಬೆಕ್ಕು ಕಾಲಿಗೆ ಮೈ ಉಜ್ಜಿದರೆ ನೀನು ಎರಡು ಸಲ ಸೋಪು ಹಾಕಿ ಕಾಲು ತೊಳೆಯುತ್ತಿದ್ದೆ. ಪ್ರಾಣಿಗಳನ್ನು ನೋಡಿಕೊಂಡು ಬರುವ ಕೆಲಸ ನನ್ನದು. ಆ ಬೆಕ್ಕು ಮರಿ ಹಾಕಿದಾಗ, ಒಂದು ಮರಿಯನ್ನು ಎತ್ತಿಕೊಂಡರೆ ತಾಯಿ ಏನು ಮಾಡುತ್ತದೆ ನೋಡಿ ಬಾ ಎಂದು ಕಳಿಸಿದೆ. ನಾನು ಬಂದು, ಹುಡುಕಿತು ಎಂದೆ.

"ಹೇಗೆ ಹುಡುಕ್ತು? ಕೂಗ್ತಾನಾ, ಸುಮ್ನೇನಾ?"

"ಗೊತ್ತಿಲ್ಲ."

"ಹಾಗಾದ್ರೆ ಹೋಗಿ ಇನ್ನೊಂದ್ಸಲ ಎತ್ಕೊಂಡು ನೋಡು."

ಹೋಗಿ ಇನ್ನೊಂದು ಸಲ ಎತ್ತಿಕೊಂಡೆ. ಕೂಗುತ್ತಾ ಹುಡುಕಿತು ಅಮ್ಮ. ನೀನು ಅದನ್ನು ಚೆನ್ನಾಗಿ ಬರೆದೆ.

ಇನ್ನು ಅವನ ವಿಷಯ. ಮುಖಪುಟಕ್ಕೆ ಚಿತ್ರ ಬೇಡ, ನಿಜವಾದ ಫೋಟೋನೇ ಬೇಕು ಎಂದು ನೀನು ಪ್ರಕಾಶಕರ ಹತ್ತಿರ ಹಟ ಹಿಡಿದ ವರ್ಷ. ನಾನು ಹಲ್ಲಿನ ಲ್ಯಾಬಿಗೆ ರಜೆ ಹಾಕಿ ನಿನ್ನ ಜೊತೆ ಸ್ಟುಡಿಯೋಗೆ ಬಂದಿದ್ದೆ. ಬೆಳಗಿನಿಂದ ಸಂಜೆಯವರೆಗೆ ಮೇಣದಲ್ಲಿ ಬೇರೆಯವರ ಹಲ್ಲು ಜೋಡಿಸಿ, ಬೇರೆಯವರ ನಗು ತಯಾರಿಸುವ ಕೆಲಸದಿಂದ ಒಂದು ದಿನದ ಬಿಡುಗಡೆ. ನಾಯಕನಾಗಿ ನಿಂತಿದ್ದವನಿಗೆ ನೆಗಡಿ. ನಾಯಕಿ ಅವನಿಂದ ದೂರ ದೂರ ಜರುಗುತ್ತಿದ್ದಳು. ಅಂಥ ಹೊತ್ತಿನಲ್ಲಿ ಅವನು ಬಂದ, ನಾಯಿ ಪಳಗಿಸುವವನು. ಹೆಗಲಿಗೊಂದು ಚರ್ಮದ ಚೀಲ, ಪಕ್ಕದಲ್ಲಿ ಕಂದು ಬಣ್ಣದ ನಾಯಿ, ಅದರ ಹಣೆಯ ಮೇಲೆ ಬಿಳಿ ಮಚ್ಚೆ. ಅದನ್ನು ಆ ಇಬ್ಬರ ಮಧ್ಯೆ ಕೂರಿಸಿ ಅವನು ಕ್ಯಾಮರಾದ ಹಿಂದೆ ಹೋಗಿ ನಿಂತ. ನಾಯಿ ತಲೆ ಎತ್ತಿ ನೋಡಿತು. "ಅಬ್ಬಾ, ಇಂಥ ನೋಟ ಮನುಷ್ಯರ ಕಣ್ಣಲ್ಲಿ ಸಿಗಲ್ಲ" ಎಂದ ಫೋಟೋಗ್ರಾಫರ್. ನಾನು ಕಣ್ಣು ಒರೆಸಿಕೊಂಡೆ. ನೀನೂ ಒರೆಸಿಕೊಂಡೆ.

ಬಿಡುವಿನಲ್ಲಿ ಎಲ್ಲರೂ ಅಲ್ಲಲ್ಲಿ ಕೂತಿದ್ದಾಗ ಆ ನಾಯಿ ಅಷ್ಟು ಜನರ ನಡುವೆ ದಾರಿ ಮಾಡಿಕೊಂಡು ನೇರ ನನ್ನ ಹತ್ತಿರ ಬಂದು ತೊಡೆಯ ಮೇಲೆ ತಲೆ ಇಟ್ಟಿತು. ಅವನು ದೂರದಿಂದಲೇ ಹೇಳಿದ, "ಅದು ಯಾರ ಹತ್ರಾನೂ ಹಾಗೆ ಹೋಗಲ್ಲ." ಅವನು ನನ್ನೊಡನೆ ಆಡಿದ ಮೊದಲ ಮಾತು ಅದು. ಇನ್ನೊಂದು ಮಾತು ಬೇಕಾಗಲಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ ನೀನು ನನ್ನ ಕೈ ಹಿಡಿದು, "ನಾಯಿಗೆ ಗೊತ್ತಾಗುತ್ತೆ ಕಣೇ" ಎಂದೆ.

ನೋಂದಣಿ ಕಚೇರಿಯಲ್ಲಿ ಮದುವೆಯಾಯಿತು. ಫೋಟೋದಲ್ಲಿ ನಾಯಿಯೂ ನಿಂತಿತು. ಅದೇ ವಾರ ನೀನು ಹೊಸ ಧಾರಾವಾಹಿ ಶುರು ಮಾಡಿದೆ. ದಿನಾ ಫೋನ್. ನಿನ್ನೆ ಏನಂದ, ನಾಯಿ ಏನು ಮಾಡಿತು, ನೀನು ಆಗ ಎಲ್ಲಿ ನಿಂತಿದ್ದೆ. ನಾನು ಹಿಗ್ಗಿ ಹೇಳುತ್ತಿದ್ದೆ. ಮದುವೆಯಾದ ಮಗಳ ಸುಖ ಕೇಳುವ ತಾಯಿ ಎಷ್ಟು ಜನಕ್ಕಿದ್ದಾಳೆ ಎಂದುಕೊಳ್ಳುತ್ತಿದ್ದೆ.

ಆ ಮನೆಯ ಹಿಂದಿನ ಅಂಗಳ ನೀನು ನೋಡಿಲ್ಲ. ಬಂದಾಗಲೆಲ್ಲ ಮುಂದಿನ ಕೋಣೆಯಲ್ಲೇ ಕೂತು, ಬಟ್ಟೆಗೆ ಕೂದಲು ಹತ್ತುತ್ತದೆ ಎಂದು ಎದ್ದು ಹೋಗುತ್ತಿದ್ದೆ. ಸಿಮೆಂಟಿನ ನೆಲ, ತಗಡಿನ ಮಾಡು, ತಂತಿ ಬಲೆಯ ಗೂಡುಗಳು. ಗೋಡೆಯಲ್ಲಿ ಸಾಲು ಮೊಳೆಗಳು, ಒಂದೊಂದು ಮೊಳೆಗೂ ಒಂದೊಂದು ನಾಯಿಯ ಬಟ್ಟಲು. ಯಾವ ನಾಯಿಗೂ ಅವನು ಹೆಸರಿಟ್ಟಿರಲಿಲ್ಲ. ಯಾಕೆಂದರೆ, "ಹೆಸರಿಟ್ರೆ ಯಾರು ಕರೆದ್ರೂ ಹೋಗುತ್ತೆ." ಒಂದು ಸಂಜೆ ಎಲ್ಲ ನಾಯಿಗಳಿಗೂ ಊಟ ಹಾಕಿ ಕಂದು ನಾಯಿಯ ಬಟ್ಟಲನ್ನು ಮಾತ್ರ ಮೊಳೆಯಲ್ಲೇ ಬಿಟ್ಟ. ಮರೆತೆಯಾ ಎಂದು ಕೇಳಿದೆ. ಮರೆತಿಲ್ಲ, ನಾಳೆ ಅದಕ್ಕೆ ಸ್ಟುಡಿಯೋ ಕೆಲಸ ಇದೆ ಎಂದ. ಆಮೇಲೆ ತಾಳ್ಮೆಯಿಂದ ಬಿಡಿಸಿ ಹೇಳಿದ. ಹೇಳಿಕೊಡುವುದರಲ್ಲಿ ಅವನು ಎತ್ತಿದ ಕೈ. "ಹೊಟ್ಟೆ ತುಂಬಿದ ನಾಯಿ ಎಲ್ಲೆಲ್ಲೋ ನೋಡುತ್ತೆ. ಹಸಿದಿರೋದು ನನ್ನನ್ನೇ ನೋಡುತ್ತೆ."

ಅಮ್ಮ, ನಿನ್ನ ಮುಖಪುಟದ ಮೇಲೆ ನಾಯಿ ನೋಡುತ್ತಿರುವುದು ಪ್ರೇಮಿಗಳನ್ನಲ್ಲ. ಕ್ಯಾಮರಾದ ಹಿಂದೆ ಅವನ ಎರಡು ಬೆರಳುಗಳ ನಡುವೆ ಇದ್ದ ಮಾಂಸದ ಚೂರನ್ನು. ಹಿಂದಿನ ದಿನದಿಂದ ಅದಕ್ಕೆ ಊಟವಿರಲಿಲ್ಲ. ನಿನ್ನ ಓದುಗರು ಆ ಚಿತ್ರಕ್ಕೆ ಕಟ್ಟು ಹಾಕಿಸಿ ಹಾಸಿಗೆಯ ಪಕ್ಕ ಇಟ್ಟುಕೊಂಡಿದ್ದಾರೆ ಎಂದು ನೀನೇ ಹೇಳಿದ್ದೆ.

ತೊಡೆಯ ಮೇಲೆ ತಲೆ ಇಟ್ಟ ಗುಟ್ಟನ್ನೂ ಅವನೇ ಹೇಳಿದ. ಎರಡು ಬೆರಳನ್ನು ತನ್ನ ತೊಡೆಗೆ ಮೆಲ್ಲಗೆ ಬಡಿದರೆ ಅದು ಹೋಗಿ ತಲೆ ಇಡುತ್ತದೆ. ಯಾರ ತೊಡೆ ಎಂದು ಕಣ್ಣಲ್ಲೇ ತೋರಿಸುತ್ತಾನೆ. ಮನೆಯವರೊಳಗಿನ ತಮಾಷೆ ಹೇಳುವಂತೆ ನಗುತ್ತಾ ಹೇಳಿದ. ನಾನೂ ನಕ್ಕೆ. ನನಗೋಸ್ಕರ ಇಷ್ಟೆಲ್ಲ ಮಾಡಿದನಲ್ಲ ಎಂದು ಅದನ್ನೂ ಪ್ರೀತಿಯ ಖಾತೆಗೇ ಹಾಕಿಕೊಂಡೆ.

ಅವನು ನನ್ನನ್ನು ಒಂದು ದಿನವೂ ಹೊಡೆಯಲಿಲ್ಲ. ಮೊದಲು ನೀನು ಕೇಳುವುದು ಅದನ್ನೇ, ಹಾಗಾಗಿ ಹೇಳಿಬಿಡುತ್ತೇನೆ. ಹೊಡೆದರೆ ನಾಯಿ ಹೆದರುತ್ತದೆ, ಹೆದರಿದ ನಾಯಿ ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ ಎನ್ನುತ್ತಿದ್ದ. ಅವನು ಮಾಡುತ್ತಿದ್ದುದು ಇಷ್ಟೇ, ಮಾತು ನಿಲ್ಲಿಸುತ್ತಿದ್ದ. ಲ್ಯಾಬಿನಿಂದ ತಡವಾಗಿ ಬಂದರೆ ಮಾತಿಲ್ಲ. ಉಂಡು, ತಟ್ಟೆ ತೊಳೆದಿಟ್ಟು, ನಾಯಿಗಳ ಹತ್ತಿರ ಮಾತಾಡಿ ಮಲಗುತ್ತಿದ್ದ. ಮರುದಿನವೂ ಹಾಗೇ, ಅದರ ಮರುದಿನವೂ. ನಾನು ಬೇರೆ ಬಟ್ಟೆ ಹಾಕಿಕೊಂಡು ನೋಡುತ್ತಿದ್ದೆ, ಜಗಳ ತೆಗೆದು ನೋಡುತ್ತಿದ್ದೆ, ಅತ್ತು ನೋಡುತ್ತಿದ್ದೆ. ಅವನ ಕಣ್ಣು ನನ್ನ ಮೂಲಕ ಹಾದು ಗೋಡೆಗೆ ಹೋಗುತ್ತಿತ್ತು. ಕೊನೆಗೊಂದು ಸಂಜೆ, ಅವನಿಗೆ ಬೇಕಾದದ್ದು ಏನು ಎಂದು ಹೊಳೆದು ನಾನು ಅದನ್ನು ಮಾಡಿದ ಮೇಲೆ, ಪಕ್ಕದ ಜಾಗವನ್ನು ಕೈಯಿಂದ ತಟ್ಟಿ, "ಬಾ, ಕೂತ್ಕೋ" ಎನ್ನುತ್ತಿದ್ದ. ಆ ಸುಖವನ್ನು ವರ್ಣಿಸಲು ನನ್ನಿಂದಾಗದು. ನೀನಾದರೂ ವರ್ಣಿಸಲಾರೆ. ಆ ಒಂದು ಮಾತಿಗಾಗಿ ಗೆಳತಿಯನ್ನು ಬಿಟ್ಟೆ, ಆಮೇಲೆ ಲ್ಯಾಬನ್ನೂ ಬಿಟ್ಟೆ. ಸೊರಗಿದೆ. ನೀನು ನನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಪ್ರೀತಿ ಒಪ್ಪಿದೆ ನಿನಗೆ" ಎಂದೆ.

ಅವನ ಹಾಗೇ ನಾಯಿ ಪಳಗಿಸುವವರು ಇಬ್ಬರು ಒಂದು ದಿನ ಮನೆಗೆ ಬಂದಿದ್ದರು. ನಾನು ಒಲೆಯ ಮುಂದಿದ್ದೆ. ಮುಂದಿನ ಕೋಣೆಯಲ್ಲಿ, ನಾಯಿಗಳಿಗೆ ಅಪ್ಪಣೆ ಕೊಡಲು ಅವನು ಹೊಡೆಯುವ ಚಿಟಿಕೆಯ ಸದ್ದಾಯಿತು. ನಾನು ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತುಬಿಟ್ಟಿದ್ದೆ. ನಿಂತ ಮೇಲೆಯೇ ನಾನು ಬಂದಿದ್ದೇನೆ ಎಂದು ನನಗೆ ತಿಳಿದದ್ದು. ಅವರಿಬ್ಬರೂ ಹೋ ಎಂದು ನಕ್ಕರು. "ಎಷ್ಟು ದಿನ ಹಿಡೀತು?" ಎಂದು ಒಬ್ಬ ಕೇಳಿದ. ನನ್ನ ಗಂಡ ನಗಲಿಲ್ಲ. ಮೊದಲ ಸಲವೇ ಸರಿಯಾಗಿ ಮಾಡಿದ ನಾಯಿಯನ್ನು ನೋಡುವಂತೆ ನನ್ನನ್ನು ನೋಡಿದ. ನನಗೆ, ಕೇಳು ಅಮ್ಮ, ನನಗೆ ಹೆಮ್ಮೆಯಾಯಿತು. ಒಳಗೆ ಹೋಗಿ ಒಲೆ ಆರಿಸಿದೆ. ಮರುದಿನ ಬೆಳಗ್ಗೆ ಬ್ಯಾಗು ತೆಗೆದುಕೊಂಡು ನಿನ್ನ ಹತ್ತಿರ ಬಂದೆ.

ನಿನ್ನಷ್ಟು ಚೆನ್ನಾಗಿ ಯಾರೂ ಕಿವಿಗೊಡುವುದಿಲ್ಲ. ಬಿಸಿ ಚಹಾ ಕೊಟ್ಟೆ, ಬೆನ್ನು ಸವರಿದೆ, ಒಂದು ಮಾತೂ ತಪ್ಪಿಸದೆ ಕೇಳಿದೆ. ಒಲೆ ಉರಿಯುತ್ತಿತ್ತಾ, ಅವನು ಯಾವ ಕೈಯಲ್ಲಿ ಚಿಟಿಕೆ ಹೊಡೆದ, ಅವರು ನಕ್ಕಾಗ ನಿನಗೆ ಮೊದಲು ಕಂಡದ್ದೇನು ಎಂದೆಲ್ಲ ವಿಚಾರಿಸಿದೆ. ಅದು ತಾಯಿಯ ಸಂಕಟ ಎಂದುಕೊಂಡೆ. ಆಮೇಲೆ ನೀನು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಅವನಿಗೆ ಫೋನ್ ಹಚ್ಚಿದೆ. ಆ ಗೋಡೆ ತೆಳು ಅಂತ ನಿನಗೆ ಗೊತ್ತಿಲ್ಲವೇ? "ನೀವೇ ಬಂದು ಕರ್ಕೊಂಡು ಹೋಗಿ. ನಾಯೀನೂ ಕರ್ಕೊಂಡು ಬನ್ನಿ."

ಯಾಕಮ್ಮಾ ಎಂದು ಕೇಳಿದ್ದಕ್ಕೆ ನಿನಗೆ ಸಿಟ್ಟು ಬಂತು. "ಧಾರಾವಾಹಿ ನಡುಮಧ್ಯದಲ್ಲಿದೆ. ನೀನು ಹೀಗೆ ಬಂದು ಕೂತ್ರೆ ನಾನೇನು ಬರೀಲಿ? ಸ್ವಲ್ಪ ಹೊಂದ್ಕೊಂಡು ಹೋಗೋದು ಕಲಿ. ಅವರು ಕೆಟ್ಟವರಾಗಿದ್ರೆ ಆ ನಾಯಿ ಅವರ ಹತ್ರ ಇರ್ತಿತ್ತಾ?"

ಪುಸ್ತಕ ಮಾರಲು ಊಟದ ಮೇಜಿನಲ್ಲಿ ನೀನೇ ಹೆಣೆದ ಮಾತು ಅದು. ಆ ದಿನ ನಿನ್ನ ಮುಖ ನೋಡಿದೆ. ನೀನು ಅದನ್ನು ನಂಬಿಬಿಟ್ಟಿದ್ದೆ. ಅವನಿಗೆ ಕೂಡ ನಾನು ಅಷ್ಟು ಹೆದರಿರಲಿಲ್ಲ.

ಅವನು ಬಂದ. ಅಕ್ಕಪಕ್ಕದವರೆಲ್ಲ ಮೆಟ್ಟಿಲ ಮೇಲೆ ನೆರೆದಿದ್ದರು, ನೀನೇ ಸುದ್ದಿ ಮುಟ್ಟಿಸಿದ್ದೆಯೋ ಏನೋ. ನಾಯಿ ಓಡಿ ಬಂದು ನನ್ನ ತೊಡೆಯ ಮೇಲೆ ತಲೆ ಇಟ್ಟಿತು. ಎದುರು ಮನೆಯಾಕೆ ಮೂಗು ಒರೆಸಿಕೊಂಡು, "ಮೂಕ ಪ್ರಾಣಿಗೆ ಇರೋ ಬುದ್ಧಿ ನಮಗಿಲ್ಲ ನೋಡಿ" ಎಂದರು. ನಾನು ಅವನ ಕೈ ನೋಡಿದೆ. ಎರಡು ಬೆರಳು ಪ್ಯಾಂಟಿನ ಹೊಲಿಗೆಯ ಮೇಲಿದ್ದವು. ಗೊತ್ತಿದ್ದೂ ಎದ್ದು ಅವನ ಹಿಂದೆ ಹೋದೆ. ಮುಂದಿನ ವಾರ ಅದು ಕಂತಿನಲ್ಲಿ ಬಂತು. ಬೆರಳನ್ನು ನೀನು ಬಿಟ್ಟಿದ್ದೆ, ಮಳೆಯನ್ನು ಸೇರಿಸಿದ್ದೆ. ಆ ವಾರದ ಪತ್ರಿಕೆ ಅಂಗಡಿಗಳಲ್ಲಿ ಒಂದೂ ಉಳಿಯಲಿಲ್ಲವಂತೆ.

ಆಮೇಲೆ ನಾಯಿಯ ಕಣ್ಣಿಗೆ ಪೊರೆ ಬಂತು. ಮೊದಲು ನೀಲಿ, ನಂತರ ಹಾಲಿನ ಬಿಳುಪು. ಒಂದು ಸ್ಟುಡಿಯೋದಲ್ಲಿ ದೀಪದ ಕಂಬಕ್ಕೆ ಡಿಕ್ಕಿ ಹೊಡೆದು ಬೀಳಿಸಿತು. ಅವನು ಬೈಯಲಿಲ್ಲ. ಅದೇ ಬಣ್ಣದ, ಹಣೆಯಲ್ಲಿ ಅಂಥದೇ ಮಚ್ಚೆಯ ಒಂದು ಮರಿಯನ್ನು ಹುಡುಕಿ ತಂದ. ಹಳೆಯದರ ಬಟ್ಟಲನ್ನು ತೊಳೆದು ಅದಕ್ಕೆ ಕೊಟ್ಟ. ಹಳೆಯ ನಾಯಿಯನ್ನು ಓಡಿಸಲೂ ಇಲ್ಲ. ಅದು ಅಲ್ಲಿ ಇಲ್ಲ ಎನ್ನುವಂತೆ ಅದರ ಪಕ್ಕದಲ್ಲೇ ಓಡಾಡಿಕೊಂಡಿದ್ದ. ನಾನು ನನ್ನ ತಟ್ಟೆಯಿಂದ ಕದ್ದು ಹಾಕತೊಡಗಿದೆ. ಅವನು ನೋಡಿದ, ಏನೂ ಅನ್ನಲಿಲ್ಲ. ಮರುದಿನ ಬೆಳಗ್ಗೆ ಅಡುಗೆಮನೆಯ ಕಪಾಟಿಗೆ ಬೀಗ ಬಿದ್ದಿತ್ತು.

ಆ ಬೀಗದ ಮುಂದೆ ಎಷ್ಟೋ ಹೊತ್ತು ನಿಂತಿದ್ದೆ. ಅಳು ಬರಲಿಲ್ಲ. ಅಂದು ಅವನು ಮರಿಯನ್ನು ಕರೆದುಕೊಂಡು ಸ್ಟುಡಿಯೋಗೆ ಹೋಗಿದ್ದ, ನಿನ್ನ ಧಾರಾವಾಹಿಯ ಎರಡನೆಯ ಭಾಗದ ಮುಖಪುಟಕ್ಕೇ. ನಾನು ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ ಕುರುಡು ನಾಯಿಯ ಕುತ್ತಿಗೆಗೆ ಕಟ್ಟಿ ಹೊರಟೆ. ಅದು ಗೇಟಿನ ಹತ್ತಿರ ಕೂತುಬಿಟ್ಟಿತು. ಎಳೆದರೂ ಏಳಲಿಲ್ಲ. ಅವನ ಗಾಡಿ ಹೋದ ದಿಕ್ಕಿಗೆ ಮುಖ ಮಾಡಿ ಕೂತಿತ್ತು. ಎತ್ತಿಕೊಂಡಾಗ ಕಚ್ಚಿತು. ಎಡ ಮಣಿಕಟ್ಟಿನ ಮೇಲೆ ಗುರುತು ಇನ್ನೂ ಇದೆ. ರಕ್ತ ಸುರಿಸಿಕೊಂಡು, ಅದನ್ನು ಹೊತ್ತುಕೊಂಡು ಬಸ್ಸು ಹತ್ತಿದೆ.

ಲ್ಯಾಬಿನ ಮಾಲೀಕರು ಯಾಕೆ ಏನು ಎಂದು ಕೇಳದೆ, "ನಿಮ್ಮ ಸ್ಟೂಲು ಹಾಗೇ ಇದೆ, ಕೂತ್ಕೊಳ್ಳಿ" ಎಂದರು. ಇಸ್ತ್ರಿ ಅಂಗಡಿಯಾಕೆ ಮೇಲಿನ ಕೋಣೆ ಕೊಟ್ಟರು. ನೀನು ಮಾತ್ರ ಫೋನಿನಲ್ಲಿ, "ಈಗ ಎರಡನೇ ಭಾಗಕ್ಕೆ ಏನು ಮಾಡ್ಲಿ?" ಎಂದೆ. ನೀನು ಏನು ಮಾಡಿದೆ ಎಂದು ನಾನು ವಾರವಾರ ಓದಿದೆ. ಪ್ರಾಣಿ ಎಂದರೆ ಆಗದ, ಕಲ್ಲು ಮನಸ್ಸಿನ ಹೆಂಡತಿ, ಗಂಡನ ಮೇಲಿನ ಹಗೆಗೆ ಅವನ ಪ್ರಾಣದಂತಿದ್ದ ನಾಯಿಯನ್ನು ಕದ್ದು ಹೋಗುತ್ತಾಳೆ. ಚೆನ್ನಾಗಿದೆ. ಸೋಪು ಹಾಕಿ ಕಾಲು ತೊಳೆಯುವ ಚಟವನ್ನು ಅವಳಿಗೆ ಹಚ್ಚಿದ್ದೀಯಲ್ಲ, ಅದನ್ನು ಓದಿ ನಗು ಬಂತು.

ಈಗ ನೀನು ಕೇಳಿದ್ದು. ಹೌದು, ನಾಯಿ ಇಲ್ಲಿಗೆ ಬಂದ ಮೇಲೆ ಊಟ ಬಿಟ್ಟಿತ್ತು. ವಿರಹ ಎಂದು ಬರೆದುಕೊಳ್ಳಬೇಡ, ಪೂರ್ತಿ ಓದು. ನಾನು ಒಳ್ಳೆಯ ಮಾಂಸ ತಂದು ಬೇಯಿಸಿ ಮುಂದಿಟ್ಟೆ. ಅದರ ಬಾಯಿಂದ ಜೊಲ್ಲು ನೆಲಕ್ಕೆ ಇಳಿಯುತ್ತಿತ್ತು, ಪಕ್ಕೆಲುಬು ಎಣಿಸಬಹುದಿತ್ತು, ಮೂಗು ಬಟ್ಟಲಿನಿಂದ ಒಂದು ಗೇಣು ದೂರ. ಮುಟ್ಟಲಿಲ್ಲ. ಬೇಡಿಕೊಂಡೆ, ಬಾಯಿಗೆ ಹಿಡಿದೆ. ಮುಖ ತಿರುಗಿಸಿತು. ಅದಕ್ಕೆ ಅಪ್ಪಣೆಯಾಗಿರಲಿಲ್ಲ, ಅಷ್ಟೇ. ಕೊನೆಗೆ ನಾನು ಅವನ ಹಾಗೆ ಚಿಟಿಕೆ ಹೊಡೆದೆ. ಬಟ್ಟಲು ಖಾಲಿ ಮಾಡಿ ನೆಲ ನೆಕ್ಕಿತು. ಆಮೇಲೆ ತಲೆ ಎತ್ತಿ, ಆ ಬಿಳಿ ಕಣ್ಣುಗಳಿಂದ, ಜನ ಕಟ್ಟು ಹಾಕಿಸಿಟ್ಟುಕೊಂಡ ಅದೇ ನೋಟವನ್ನು ನನ್ನ ಮುಖದ ಮೇಲಿಟ್ಟಿತು.

ಅದು ನನಗೆ ಹಿತವಾಗಿತ್ತು ಅಮ್ಮ. ಅವನಿಗೆ ಯಾಕೆ ಇದು ಬೇಕಾಗುತ್ತದೆ ಎಂದು ಆ ಕ್ಷಣ ಅರ್ಥವಾಯಿತು. ಆಮೇಲೆ ಪ್ರತಿ ಊಟಕ್ಕೂ ಚಿಟಿಕೆ ಹೊಡೆದೆ. ಕೆಲವು ಸಲ ಬೇಕೆಂದೇ ಸ್ವಲ್ಪ ತಡ ಮಾಡಿ ಹೊಡೆದೆ. ಇದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಹೊಟ್ಟೆಯಲ್ಲಿ ಗಡ್ಡೆ ಎಂದರು ಪ್ರಾಣಿಗಳ ಆಸ್ಪತ್ರೆಯಲ್ಲಿ. ನೋವು ತಿನ್ನಿಸುವುದು ಬೇಡ ಎಂದರು ಡಾಕ್ಟರಮ್ಮ. ಮೇಜಿನ ಮೇಲೆ ಅದು ಮಲಗಲೊಲ್ಲದೆ ನಡುಗುತ್ತಾ ನಿಂತಿತ್ತು. "ಹೆಸರು ಹಿಡಿದು ಕರೀರಿ, ಸಮಾಧಾನ ಆಗುತ್ತೆ" ಎಂದರು. ಹೆಸರಿಲ್ಲ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಕಾದಂಬರಿಯಲ್ಲಿ ನೀನಿಟ್ಟ ಹೆಸರಿನಿಂದ ಕರೆದೆ, ಕಿವಿ ಕೂಡ ಅಲುಗಲಿಲ್ಲ. ಚಿಟಿಕೆ ಹೊಡೆದೆ. ತಕ್ಷಣ ಮಲಗಿತು. ಸೂಜಿ ಚುಚ್ಚುವಾಗ ತಲೆ ಎತ್ತಿ, ಹೇಳಿದ್ದು ಮಾಡಿದ್ದಕ್ಕೆ ಸಿಗಬೇಕಾದ ಚೂರಿಗಾಗಿ ನನ್ನ ಕೈಯನ್ನು ಮೂಸುತ್ತಿತ್ತು. ಕೈಯಲ್ಲಿ ಏನೂ ಇರಲಿಲ್ಲ. ತರಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಮೂಸುತ್ತಲೇ ಹೋಯಿತು. ಕಣ್ಣು ತೆರೆದಿತ್ತು.

ಸುದ್ದಿ ಕೇಳಿ ನೀನು ಹೂವಿನ ಗುಚ್ಛ ಕಳಿಸಿದೆ. ಅದರ ಚೀಟಿಯಲ್ಲೇ ಆ ಹುಡುಗಿಯ ವಿಷಯ ಇತ್ತು, ನನ್ನ ಓದುಗರಲ್ಲೇ ಒಬ್ಬಳು, ಮೊನ್ನೆ ಫೋಟೋ ತೆಗೆಯುವಾಗ ನಾನೇ ಭೇಟಿ ಮಾಡಿಸಿದೆ, ಮರಿ ನೇರ ಅವಳ ಹತ್ತಿರ ಹೋಯಿತು ಎಂದು. ಕಾಗದ, ಪೆನ್ನು ಮಾರುವ ಅಂಗಡಿಯಲ್ಲಿ ಕೆಲಸ ಎಂದೂ ಬರೆದಿದ್ದೆ. ಹುಡುಕುವುದು ಕಷ್ಟವಾಗಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಹೋದೆ. ಪೆನ್ಸಿಲ್ ಡಬ್ಬಿಗಳಿಗೆ ಬೆಲೆಚೀಟಿ ಅಂಟಿಸುತ್ತಾ ಕೂತಿದ್ದಳು. ಚಿಕ್ಕವಳು ಅಮ್ಮ. ನಾನು ಯಾರೆಂದು ಹೇಳಿದೊಡನೆ ಎದ್ದು ನಿಂತಳು.

"ನಾಯಿ ಕದ್ದುಕೊಂಡು ಹೋದೋರು ನೀವೇ ಅಲ್ವಾ?"

ಅವಳಿಗೆ ಸಿಟ್ಟಿರಲಿಲ್ಲ. ಪುಸ್ತಕದಿಂದ ಎದ್ದು ಬಂದವಳನ್ನು ಕಂಡ ಬೆರಗಿತ್ತು. ನಾನು ಎಲ್ಲ ಹೇಳಿದೆ. ಬಟ್ಟಲು, ಬೆರಳು, ಚಿಟಿಕೆ, ಬೀಗ. ಅಂಟಿಸುವ ಕೆಲಸ ನಿಲ್ಲಿಸಿ ಮರ್ಯಾದೆಯಿಂದ ಕೇಳಿಸಿಕೊಂಡಳು. ಆಮೇಲೆ ಹೇಳಿದಳು, "ಬೇಜಾರು ಮಾಡ್ಕೋಬೇಡಿ ಅಕ್ಕಾ. ಅಷ್ಟು ಜನರ ಮಧ್ಯೆ ಆ ಮರಿ ನನ್ನ ತೊಡೆ ಮೇಲೇ ಬಂದು ತಲೆ ಇಡ್ತು. ಅದಕ್ಕೆ ಯಾರು ಹೇಳಿಕೊಟ್ಟಿದ್ರು?"

"ಅವನೇ."

"ನೀವು ಹೀಗೆ ಹೇಳ್ತೀರ ಅಂತ ಅವರು ಮೊದಲೇ ಹೇಳಿದ್ರು" ಎಂದಳು. ಮರುಕದಿಂದ ಹೇಳಿದಳು. "ನಿಮಗೆ ಪ್ರಾಣಿಗಳು ಅಂದ್ರೆ ಮೊದಲಿಂದಲೂ ಆಗಲ್ಲ ಅಲ್ವಾ. ನೀರು ಕುಡೀತೀರಾ?"

ನೀರು ಕುಡಿದೆ. ಲೋಟ ಕೊಟ್ಟ ಅವಳ ಮಣಿಕಟ್ಟು ಎಷ್ಟು ತೆಳ್ಳಗಿತ್ತೆಂದರೆ ಅದು ಇನ್ನೂ ಎಷ್ಟು ತೆಳ್ಳಗಾಗಬಹುದು ಎಂದು ನನಗೆ ಯೋಚನೆ ಹತ್ತಿತು. ಒಂದು ವಿಷಯ ಒಪ್ಪುತ್ತೇನೆ, ನೀನು ಬಹಳ ದೊಡ್ಡ ಬರಹಗಾರ್ತಿ. ಅದನ್ನು ಬದುಕಿದವಳೇ ಕಣ್ಣೆದುರು ನಿಂತು ಮಾತಾಡಿದರೂ ಅವಳಿಗೆ ನೀನು ಬರೆದದ್ದೇ ನಿಜ. ನನಗೂ ಹಾಗೇ ಆಗಿತ್ತಲ್ಲ.

ಶನಿವಾರ ನಾನು ಬರುವುದಿಲ್ಲ. ಮರಿಯನ್ನು ನಾನು ಯಾರ ಕೈಗೂ ಕೊಡುವುದಿಲ್ಲ. ವೇದಿಕೆಯ ಮೇಲೆ ನನಗೊಂದು ಕಾಯಿಲೆ ಹೇಳಿಬಿಡು, ನಿನಗೆ ಕಷ್ಟವಲ್ಲ. ಕೊನೆಯ ಕಂತಿಗೆ ನಾಯಿ ಅವನ ಹಳೆಯ ಅಂಗಿಯ ಮೇಲೆ, ಬಾಗಿಲ ಕಡೆ ಮುಖ ಮಾಡಿ ಸತ್ತಿತು ಎಂದೇ ಬರಿ. ಓದುಗರು ಅಳುತ್ತಾರೆ. ಆ ಹುಡುಗಿ ಅಳುತ್ತಾಳೆ, ಮತ್ತು ಆ ರಾತ್ರಿ ಅವನನ್ನು ಇನ್ನಷ್ಟು ಪ್ರೀತಿಸುತ್ತಾಳೆ. ಆಗ ನಿನಗೆ ಮೂರನೆಯ ಭಾಗವೂ ಸಿಗುತ್ತದೆ.

ಇನ್ನು ಮೇಲೆ ಪ್ರಾಣಿಗಳ ವಿಷಯ ಕೇಳಿ ನನಗೆ ಬರೆಯಬೇಡ. ನನ್ನ ವಿಷಯ ಕೇಳಬೇಕೆನಿಸಿದರೆ ಅದಕ್ಕೊಂದು ಬೇರೆ ಪತ್ರ ಬರಿ, ಒಂದೇ ಸಾಲಾದರೂ ಸರಿ. ಉತ್ತರಿಸುತ್ತೇನೆಂದು ಮಾತು ಕೊಡಲಾರೆ.

ನಿನ್ನ ಒಬ್ಬಳೇ ಮಗಳು

ಮರೆತದ್ದು: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಅವನ ಫೋನ್ ಬಂತು. ನೀನೇ ನಂಬರು ಕೊಟ್ಟಿರಬೇಕು. ಬೇರೆ ಏನೂ ಮಾತಾಡಲಿಲ್ಲ, "ಶನಿವಾರ ಬಾ" ಎಂದು ಇಟ್ಟುಬಿಟ್ಟ. ಕೆಳಗಿನಿಂದ ಇಸ್ತ್ರಿ ಅಂಗಡಿಯಾಕೆ, "ಇದೇನು, ತಲೆ ಅರ್ಧ ಬಾಚ್ಕೊಂಡು ಎಲ್ಲಿಗೆ ಹೊರಟ್ರಿ?" ಎಂದು ಕೂಗಿದಾಗ ನಾನು ಮೆಟ್ಟಿಲ ಮಧ್ಯದಲ್ಲಿದ್ದೆ, ಕೈಯಲ್ಲಿ ಬಾಚಣಿಗೆ ಇತ್ತು. ಇಂದು ಶನಿವಾರವೂ ಅಲ್ಲ. ಆಕೆಗೆ ನನ್ನ ಕೋಣೆಯ ಕೀಲಿ ಕೊಟ್ಟಿದ್ದೇನೆ. ಶನಿವಾರ ಬೆಳಗ್ಗೆ ಹೊರಗಿನಿಂದ ಬೀಗ ಹಾಕಿ, ನಾನು ಎಷ್ಟು ಬಡಿದರೂ ಸಂಜೆಯವರೆಗೆ ತೆಗೆಯಬಾರದೆಂದು ಹೇಳಿ ಬಂದಿದ್ದೇನೆ.